ಹಳೇ ಥರ್ಡ್ ಪಾರ್ಟಿ ಲೆನ್ಸ್ ಸೆಕೆಂಡ್ ಹ್ಯಾಂಡಲ್ಲಿ ತಗೊಳ್ಳೋದು, ಸೀರಿಯಲ್ ನಂಬರ್ ಓದೋದು

ಸರ್, ಇದು ನಂಗೆ ಬಹಳ ಇಷ್ಟವಾದ ವಿಷಯ, ಹಂಗಾಗಿ ಉತ್ತರ ಉದ್ದ ಆಗತ್ತೆ, ಬಿಡುವು ಮಾಡ್ಕೊಂಡು ಓದಿ. ನೀವು ಕೇಳಿದ್ದು ಇಷ್ಟು ತಾನೆ: ಎಪಿಎಸ್-ಸಿ (35 ಎಂಎಂ ಫಿಲ್ಮ್ ಫ್ರೇಮಿಗಿಂತ ಚಿಕ್ಕ ಸೆನ್ಸರ್) ಮಿರರ್‌ಲೆಸ್ ಬಾಡಿ ಇದೆ, ಕಿಟ್ ಲೆನ್ಸ್ ಬಿಟ್ರೆ ಬೇರೆ ಏನಿಲ್ಲ, ಮನೆಯವರ ಮುಖದ ಫೋಟೋ ಮತ್ತೆ ಹೂವು, ಚಿಟ್ಟೆ ಹತ್ತಿರದಿಂದ ತೆಗೀಬೇಕು, ಬಜೆಟ್ ಕಮ್ಮಿ, ಒಬ್ಬರು ಹಳೇ ವಿವಿಟಾರ್ ಸೀರೀಸ್ 1, 70-210 ಎಂಎಂ ಎಫ್ 3.5 ಕೊಡ್ತೀನಿ ಅಂತಿದಾರೆ, ತಗೊಳ್ಲಾ ಬಿಡ್ಲಾ ಅಂತ. ಅದಕ್ಕೆ ಒಬ್ರು "ಹಳೇ ಥರ್ಡ್ ಪಾರ್ಟಿ ಲೆನ್ಸ್ ಎಲ್ಲಾ ಕಸ, ಕ್ಯಾಮೆರಾ ಕಂಪನೀದೇ ತಗೊಳ್ಳಿ" ಅಂದಿದಾರೆ.

ಅವರು ಹೇಳಿದ್ರಲ್ಲಿ ಅರ್ಧ ನಿಜ ಇದೆ. 1970, 80ರ ದಶಕದಲ್ಲಿ ಬಂದ ಥರ್ಡ್ ಪಾರ್ಟಿ (ಅಂದ್ರೆ ಕ್ಯಾಮೆರಾ ಕಂಪನೀದಲ್ಲದ) ಲೆನ್ಸಲ್ಲಿ ಮುಕ್ಕಾಲು ಪಾಲು ಸಾಧಾರಣ ಮಾಲೇ. ಆದ್ರೆ ಆ ಮುಕ್ಕಾಲು ಪಾಲಿನಿಂದಾಗಿ ಉಳಿದ ಕಾಲು ಪಾಲಿಗೂ ಬೆಲೆ ಇಲ್ದಂಗಾಗಿದೆ, ನಮಗೆ ಬೇಕಾಗಿರೋದು ಅದೇ. ಮಾರೋರಿಗೆ ಎಲ್ಲಾ ಒಂದೇ ಥರ ಕಾಣತ್ತೆ, ಕಪ್ಪು ಕೊಳವೆ, ಮುಂದೆ ಯಾವುದೋ ಕೇಳಿರದ ಹೆಸರು. ಎರಡನ್ನೂ ಬೇರೆ ಮಾಡಿ ನೋಡೋದು ಕಲಿತ್ರೆ ಸಾಕು.

ಮೊದಲು ಗೊತ್ತಿರಬೇಕಾದ್ದು, ಮುಂದಿನ ರಿಂಗ್ ಮೇಲೆ ಬರೆದಿರೋ ಹೆಸರು ಬಹಳ ಸಲ ಲೆನ್ಸ್ ಮಾಡಿದವರದ್ದಲ್ಲ, ಮಾರಿದವರದ್ದು. ವಿವಿಟಾರ್ ಅನ್ನೋದು ಪಾಂಡರ್ ಆ್ಯಂಡ್ ಬೆಸ್ಟ್ ಅಂತ 1938ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ವ್ಯಾಪಾರಿ ಕಂಪನಿಯ ಬ್ರಾಂಡು, ಸ್ವಂತ ಲೆನ್ಸ್ ಫ್ಯಾಕ್ಟರಿ ಇರ್ಲಿಲ್ಲ, ಜಪಾನಿನ ಬೇರೆ ಬೇರೆ ಫ್ಯಾಕ್ಟರಿಗಳ ಹತ್ರ ಮಾಡ್ಸಿ ತಮ್ಮ ಹೆಸರು ಹಾಕಿ ಮಾರ್ತಿದ್ರು. ಸೋಲಿಗೋರ್, ಪಾನಾಗೋರ್, ರೆವ್ಯೂನಾನ್ ಎಲ್ಲಾ ಇದೇ ಕಥೆ. ಹಾಗಾಗಿ ಒಂದೇ ಹೆಸರಲ್ಲಿ ಅದ್ಭುತ ಲೆನ್ಸೂ ಇದೆ, ದುಡ್ಡು ದಂಡ ಅನ್ನೋ ಲೆನ್ಸೂ ಇದೆ.

ವಿವಿಟಾರಲ್ಲಿ ಒಂದು ಅನುಕೂಲ ಏನಂದ್ರೆ ಆ ಕಾಲದ ಸೀರಿಯಲ್ ನಂಬರಲ್ಲೇ ಜಾತಕ ಇರತ್ತೆ. ಮೊದಲ ಎರಡು ಅಂಕಿ ಯಾರು ಮಾಡಿದ್ದು ಅಂತ, 22 ಇದ್ರೆ ಕಿನೋ ಪ್ರಿಸಿಷನ್ (ಇವರೇ ಆಮೇಲೆ ಕಿರಾನ್ ಅಂತ ಸ್ವಂತ ಹೆಸರಲ್ಲಿ ಬಂದಿದ್ದು), 28 ಇದ್ರೆ ಕೊಮಿನೆ, 37 ಇದ್ರೆ ಟೋಕಿನಾ. ಮೂರನೇ ಅಂಕಿ ವರ್ಷದ ಕೊನೇ ಅಂಕಿ, ಅದಾದ್ಮೇಲಿನ ಎರಡು ವಾರ. ನೀವು ಹಾಕಿರೋ ಫೋಟೋ ಜೂಮ್ ಮಾಡಿ ನೋಡ್ದೆ, ಮುಂದಿನ ರಿಂಗಲ್ಲಿ 22631 ಅಂತ ಶುರುವಾಗತ್ತೆ. ಅಂದ್ರೆ ಕಿನೋದು, 1976ರ 31ನೇ ವಾರದ್ದು. 6 ಅಂದ್ರೆ 86 ಯಾಕಾಗಬಾರದು ಅಂದ್ರೆ, ಈ ಮೊದಲನೇ ಮಾದರಿ 70ರ ದಶಕದ್ದು, 67 ಎಂಎಂ ಫಿಲ್ಟರ್ ಹಿಡಿಯೋದು. ಆಮೇಲೆ ಟೋಕಿನಾ ಮಾಡಿದ ಎರಡನೇ ಮಾದರಿ 62 ಎಂಎಂ ಫಿಲ್ಟರ್, ಮೂರನೇದು ಕೊಮಿನೆ ಮಾಡಿದ ಎಫ್ 2.8-4. ಮೂರೂ ಒಳ್ಳೇವೇ, ಮೂರಕ್ಕೂ ಮಾರೋರು ಒಂದೇ ವಿವರ ಬರೀತಾರೆ, ಅದಕ್ಕೇ ಫೋಟೋದಲ್ಲಿ ನಂಬರ್ ಕಾಣದಿದ್ರೆ ಕೇಳಿ ತರಿಸ್ಕೊಳ್ಳಿ.

ಹಾಗಂತ ನಿಮಗೆ ಅದು ಬೇಕಾ ಅಂದ್ರೆ, ನಾನಾದ್ರೆ ಮೊದಲ ಲೆನ್ಸಾಗಿ ತಗೊಳ್ಳಲ್ಲ. ಪೂರ್ತಿ ಲೋಹ ಮತ್ತೆ ಗಾಜು, ನಿಮ್ಮ ಪುಟ್ಟ ಬಾಡಿಗೆ ಹಾಕಿದ್ರೆ ಮೂಗು ಭಾರ ಆಗಿ ಮುಂದಕ್ಕೆ ಜಗ್ಗತ್ತೆ, ಎಪಿಎಸ್-ಸಿಯಲ್ಲಿ 1.5 ಪಟ್ಟಾಗಿ 105-315ರ ಹಾಗೆ ಕಾಣತ್ತೆ, ಮನೆ ಒಳಗೆ ಮಗೂ ಮುಖ ತೆಗೀಬೇಕಂದ್ರೆ ನೀವು ಗೋಡೆಗೆ ಒರಗಿ ನಿಲ್ಬೇಕು.

ನಿಮ್ಮ ಕೆಲಸಕ್ಕೆ ಸರಿಯಾಗಿ ಹೊಂದೋದು ಹಳೇ ಮ್ಯಾಕ್ರೋ ಪ್ರೈಮ್‌ಗಳು, ಅಂದ್ರೆ ಬಹಳ ಹತ್ತಿರದಿಂದ ತೆಗೆಯೋಕೆ ಮಾಡಿದ, ಜೂಮ್ ಇಲ್ಲದ ಲೆನ್ಸುಗಳು. ಕೊಮಿನೆ ಮಾಡಿದ 55 ಎಂಎಂ ಎಫ್ 2.8 ಮ್ಯಾಕ್ರೋ ವಿವಿಟಾರ್ ಹೆಸರಲ್ಲೂ ಬಂದಿದೆ ಪಾನಾಗೋರ್ ಹೆಸರಲ್ಲೂ ಬಂದಿದೆ, ಎಕ್ಸ್‌ಟೆನ್ಷನ್ ಟ್ಯೂಬ್ ಏನೂ ಇಲ್ದೆ 1:1 (ವಸ್ತು ಎಷ್ಟಿದ್ಯೋ ಅಷ್ಟೇ ದೊಡ್ಡದಾಗಿ ಸೆನ್ಸರ್ ಮೇಲೆ ಬೀಳೋದು) ತನಕ ಹೋಗತ್ತೆ, ನಿಮ್ಮ ಸೆನ್ಸರಲ್ಲಿ ಸುಮಾರು 82 ಎಂಎಂ ಥರ ಕಾಣೋದ್ರಿಂದ ಮುಖಕ್ಕೂ ಚೆಂದ. ಹೂವಿಗೆ ಇದು ಸಾಕು, ಚಿಟ್ಟೆಗೆ ಕಷ್ಟ, ಯಾಕಂದ್ರೆ 1:1ಗೆ ಹೋಗೋ ಹೊತ್ತಿಗೆ ಲೆನ್ಸ್ ಅದರ ಮೀಸೆಗೇ ತಾಗೋಷ್ಟು ಹತ್ತಿರ ಇರ್ತೀರಿ, ಅದು ಕೂತಿರತ್ತಾ? ಚಿಟ್ಟೆಗೆ 90ರಿಂದ 105ರ ಒಳಗೆ ನೋಡಿ. ಟ್ಯಾಮ್ರಾನ್ ಎಸ್‌ಪಿ 90 ಎಂಎಂ ಎಫ್ 2.5, 1979ರಲ್ಲಿ ಬಂದಿದ್ದು, ಅಡಾಪ್ಟಾಲ್-2 ಮೌಂಟು (ಮೌಂಟ್ ಅಂದ್ರೆ ಲೆನ್ಸ್ ಬಾಡಿಗೆ ಕೂರೋ ಭಾಗ), 1:2 ತನಕ ಹೋಗತ್ತೆ, ಮುಖದ ಫೋಟೋಗೆ ನಾನು ಇವತ್ತಿಗೂ ಇದನ್ನೇ ಎತ್ಕೊಳ್ಳೋದು, ಫೋಕಸ್ ಇಂದ ಆಚೆ ಹೋಗಿದ್ದು ಬೆಣ್ಣೆ ಥರ ಕರಗತ್ತೆ. ಇನ್ನೊಂದು ಕೊಮಿನೆಯ ವಿವಿಟಾರ್ 135 ಎಂಎಂ ಎಫ್ 2.8 ಕ್ಲೋಸ್ ಫೋಕಸಿಂಗ್, ಇದೂ 1:2. ಇಲ್ಲಿ ಒಂದು ಎಚ್ಚರಿಕೆ, ಮಾಮೂಲಿ 135 ಎಫ್ 2.8 ರಾಶಿ ರಾಶಿ ಸಿಗತ್ತೆ, ಕ್ಲೋಸ್ ಫೋಕಸಿಂಗ್ ಅನ್ನೋದು ಬೇರೆ ಲೆನ್ಸು, ರಿಂಗ್ ಮೇಲೆ ಆ ಪದ ಇದ್ಯಾ ನೋಡ್ಕೊಳ್ಳಿ.

ಒಂದು ಲೆನ್ಸಿಗೆ ಅಡ್ಡಹೆಸರು ಬಿತ್ತು ಅಂದ್ರೆ ಅದು ಅಗ್ಗಕ್ಕೆ ಸಿಗೋ ಕಾಲ ಮುಗೀತು ಅಂತ ಅರ್ಥ. ಟೋಕಿನಾ ಎಟಿ-ಎಕ್ಸ್ 90 ಎಂಎಂ ಎಫ್ 2.5ನ ಜನ ಬೊಕಿನಾ ಬೊಕಿನಾ ಅಂತ ಕರ್ದು ಕರ್ದು ಬೆಲೆ ಏರ್ಸಿದಾರೆ. ಆಗ ಮಾಡಬೇಕಾದ್ದು ಇಂಥ ಲೆನ್ಸುಗಳ ಅಣ್ಣತಮ್ಮಂದಿರನ್ನ, ಅಂದ್ರೆ ಅದೇ ಗಾಜು ಬೇರೆ ಹೆಸರಲ್ಲಿ ಬಂದಿದ್ದನ್ನ ಹುಡುಕೋದು. ಕಿರಾನ್ 105 ಎಂಎಂ ಎಫ್ 2.8 ಮ್ಯಾಕ್ರೋನೇ ಲೆಸ್ಟರ್ ಎ ಡೈನ್ ಅನ್ನೋ ಹೆಸರಲ್ಲಿ ಹಲ್ಲಿನ ಡಾಕ್ಟರುಗಳಿಗೆ ಮಾರಾಟ ಆಗಿತ್ತು, ಒಳಗಿನ ಗಾಜು ಅದೇ. ಗೊತ್ತಿಲ್ದೋರು ಮಾರ್ತಿದ್ರೆ ಆ ಹೆಸರಲ್ಲಿ ಯಾರೂ ಹುಡ್ಕೋದೇ ಇಲ್ಲ.

ಹುಡುಕೋದು ಹೇಗೆ ಅಂತ ಕೇಳಿದ್ರಲ್ಲ. ಬ್ರಾಂಡ್ ಹೆಸರು ಹಾಕಿ ಹುಡುಕಿದ್ರೆ ಎಲ್ಲರಿಗೂ ಕಾಣೋದೇ ನಿಮಗೂ ಕಾಣತ್ತೆ. ನಾನು "ಹಳೇ ಕ್ಯಾಮೆರಾ ಬ್ಯಾಗು", "ಫಿಲ್ಮ್ ಕ್ಯಾಮೆರಾ ಲೆನ್ಸ್ ಸಮೇತ" ಅನ್ನೋ ಥರ ಹುಡುಕ್ತೀನಿ, ಬರೀ "90 ಮ್ಯಾಕ್ರೋ" ಅಂತ ಹೆಸರಿಲ್ದೆ ಹಾಕ್ತೀನಿ, ಸ್ಪೆಲಿಂಗ್ ತಪ್ಪಾಗೂ ಹಾಕ್ತೀನಿ. ಆಮೇಲೆ ಹೆಡಿಂಗ್ ನಂಬಲ್ಲ, ಫೋಟೋ ನೋಡ್ತೀನಿ. ಮಾರೋರು ಫಿಲ್ಟರ್ ಸೈಜನ್ನೇ ಲೆನ್ಸ್ ಸೈಜ್ ಅಂದ್ಕೊಂಡು "55 ಎಂಎಂ ಲೆನ್ಸ್" ಅಂತ ಬರ್ದಿರ್ತಾರೆ, ಫೋಟೋದಲ್ಲಿ ನೋಡಿದ್ರೆ ಅದು 28 ಆಗಿರತ್ತೆ ಅಥವಾ 135 ಆಗಿರತ್ತೆ. ಇಲ್ಲಾಂದ್ರೆ ಮುಂದಿನ ಮುಚ್ಚಳದ ಮೇಲೆ ಇರೋ ಹೆಸರನ್ನೇ ಲೆನ್ಸಿಗೆ ಇಟ್ಟಿರ್ತಾರೆ. ನಂಗೆ ಪಾನಾಗೋರ್ ಮ್ಯಾಕ್ರೋ ಸಿಕ್ಕಿದ್ದು ಹಾಗೇ, ಒಂದು ಕೆಟ್ಟುಹೋದ ಫಿಲ್ಮ್ ಬಾಡಿಗೆ ಸಿಕ್ಕಿಸಿ ಇಟ್ಟಿದ್ರು, ಮುಚ್ಚಳ ಬೇರೆ ಕಂಪನೀದು, ಹೆಡಿಂಗಲ್ಲಿ ಲೆನ್ಸಿನ ಮಾತೇ ಇರ್ಲಿಲ್ಲ. ಪಕ್ಕದಿಂದ ತೆಗೆದ ಫೋಟೋದಲ್ಲಿ ಬ್ಯಾರೆಲ್ ಮೇಲೆ 1:4, 1:3, 1:2, 1:1 ಅಂತ ಬಣ್ಣದ ಅಂಕಿ ಸಾಲಾಗಿ ಕಂಡ್ವು, ಅಷ್ಟು ಅಂಕಿ ಬರೆಯೋದು ನಿಜವಾದ ಮ್ಯಾಕ್ರೋ ಲೆನ್ಸಿಗೆ ಮಾತ್ರ, ಅವತ್ತೇ ಹೇಳಿ ಇಡ್ಸಿದೆ.

ಮೌಂಟ್ ವಿಷಯ. ನಿಮ್ಮದು ಮಿರರ್‌ಲೆಸ್ ಆಗಿರೋದು ದೊಡ್ಡ ಪುಣ್ಯ, ಹಳೇ ಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರೋ ಕ್ಯಾಮೆರಾ) ಮೌಂಟ್ ಯಾವುದಾದ್ರೂ ಒಂದು ಸಾದಾ ಅಡಾಪ್ಟರಲ್ಲಿ ಕೂರತ್ತೆ. ಹಾಗಾಗಿ ಎಲ್ಲರೂ ಕಿತ್ತಾಡೋ ನಿಕಾನ್ ಎಫ್, ಎಂ42 ಬಿಟ್ಟು ಕೇಳೋರಿಲ್ಲದ ಮೌಂಟಲ್ಲಿ ನೋಡಿ, ಮಿನೋಲ್ಟಾ ಎಂಡಿ, ಕ್ಯಾನನ್ ಎಫ್‌ಡಿ, ಕೊನಿಕಾ ಎಆರ್. ಅದೇ ಲೆನ್ಸು, ಅದೇ ಗಾಜು, ಬೆಲೆ ಮಾತ್ರ ಬೇರೆ. ಡಿಎಸ್‌ಎಲ್‌ಆರ್ ಇರೋರು ಇದನ್ನ ಮಾಡೋಕೆ ಹೋಗ್ಬೇಡಿ, ಎಫ್‌ಡಿಯ ದೂರ (ಮೌಂಟಿಂದ ಫಿಲ್ಮ್ ಅಥವಾ ಸೆನ್ಸರ್ ತನಕ) 42 ಮಿಲಿಮೀಟರು, ಕ್ಯಾನನ್ ಇಎಫ್‌ದು 44, ಅಡಾಪ್ಟರ್ ಹಾಕಿದ್ರೆ ಇನ್ಫಿನಿಟಿ ಫೋಕಸ್ (ಬಹಳ ದೂರದ್ದು ಸ್ಪಷ್ಟ ಆಗೋದು) ಬರಲ್ಲ. ಇಎಫ್ ಬಾಡಿಗೆ ಎಂ42 ಸರಿ ಹೋಗತ್ತೆ, ಅದರದ್ದು 45.46. ನಿಕಾನ್ ಎಫ್ 46.5, ಅದಕ್ಕೆ ಬೇರೆ ಮೌಂಟಿನದ್ದು ಹೆಚ್ಚುಕಮ್ಮಿ ಯಾವುದೂ ಆಗಲ್ಲ. ಪೆಂಟಾಕ್ಸ್ ಡಿಎಸ್‌ಎಲ್‌ಆರ್ ಇರೋರಿಗೆ ಇನ್ನೂ ಒಂದು ಮಾತು: ಕೆ ಮೌಂಟಿನ ಕೆಲವು ಥರ್ಡ್ ಪಾರ್ಟಿ ಲೆನ್ಸಲ್ಲಿ ರಿಕೋ ಕಂಪನಿ ಕ್ಯಾಮೆರಾಗೆ ಅಂತ ಒಂದು ಹೆಚ್ಚಿಗೆ ಪಿನ್ ಇರತ್ತೆ, ಅದು ಬಾಡಿಯ ಆಟೋಫೋಕಸ್ ಸ್ಕ್ರೂ ತೂತಿಗೆ ಹೋಗಿ ಸಿಕ್ಕಾಕೊಂಡ್ರೆ ಲೆನ್ಸ್ ತಿರುಗಿಸಿ ತೆಗೆಯೋಕೇ ಆಗಲ್ಲ, ಹಾಕೋ ಮುಂಚೆ ಹಿಂದೆ ತಿರುಗಿಸಿ ನೋಡಿ.

ಟ್ಯಾಮ್ರಾನ್ ಅಡಾಪ್ಟಾಲಲ್ಲಿ ಹಿಂದಿನ ರಿಂಗ್ ಬೇರೆ ಬರತ್ತೆ, ಬೇಕಾದ ಮೌಂಟಿಗೆ ಬದಲಾಯಿಸ್ಬಹುದು. ರಿಂಗ್ ಇಲ್ಲದ ಲೆನ್ಸ್ ತುಂಬಾ ಅಗ್ಗ ಕಾಣತ್ತೆ, ಆಮೇಲೆ ಬರೀ ರಿಂಗ್ ಹುಡುಕೋಕೆ ಹೋದ್ರೆ ಲೆನ್ಸಿಗಿಂತ ಜಾಸ್ತಿ ಕೇಳ್ತಾರೆ, ಲೆಕ್ಕ ಹಾಕಿ ತಗೊಳ್ಳಿ. ಎಂ42ನಲ್ಲಿ ತಗೊಂಡ್ರೆ ಪಕ್ಕದಲ್ಲಿ ಆಟೋ-ಮ್ಯಾನುಯಲ್ ಸ್ವಿಚ್ ಇದ್ಯಾ ನೋಡಿ, ಇಲ್ಲದಿದ್ರೆ ಹಿಂದಿನ ಪಿನ್ ಒತ್ತೋ ಅಂಚಿರೋ ಅಡಾಪ್ಟರೇ ಬೇಕು, ಬೇರೆ ಹಾಕಿದ್ರೆ ಅಪರ್ಚರ್ (ಬೆಳಕು ಬಿಡೋ ಕಿಂಡಿ) ರಿಂಗ್ ಎಷ್ಟು ತಿರುಗಿಸಿದ್ರೂ ಬ್ಲೇಡ್ ಮುಚ್ಚಲ್ಲ, ಲೆನ್ಸ್ ಕೆಟ್ಟಿದೆ ಅಂತ ಅಂದ್ಕೊಳ್ತೀರಿ.

ಈಗ ಎಲ್ಲಕ್ಕಿಂತ ಮುಖ್ಯವಾದ್ದು, ಕಂಡೀಷನ್. ಇಲ್ಲಿ ನಾನು ಕೈ ಸುಟ್ಕೊಂಡಿದೀನಿ. ಒಂದು 135, ಮುಂದಿನ ಗಾಜು ಕನ್ನಡಿ ಥರ ಫಳಫಳ, ಹೊರಗೆ ಒಂದು ಗೀರಿಲ್ಲ, ಹೊಸದರ ಹಾಗಿದೆ ಅಂತ ಬರ್ದಿದ್ರು, ನಾನೂ ಆ ಒಂದು ಫೋಟೋ ನೋಡಿ ದುಡ್ಡು ಕಳಿಸ್ದೆ. ಬಂದ ದಿನ ರಾತ್ರಿ ಲೈಟ್ ಆರಿಸಿ, ಅಪರ್ಚರ್ ಪೂರ್ತಿ ತೆರೆದು, ಮುಂದಿನಿಂದ ಮೊಬೈಲ್ ಟಾರ್ಚ್ ಸ್ವಲ್ಪ ಓರೆಯಾಗಿ ಹಿಡಿದು ಹಿಂದಿನಿಂದ ನೋಡ್ತೀನಿ, ಹಿಂದಿನ ಗಾಜಿನ ಅಂಚಿಂದ ನಡುವಿನ ತನಕ ಬೇರು ಬಿಟ್ಟ ಹಾಗೆ ಸಣ್ಣ ಬಿಳಿ ಎಳೆಗಳು, ಒಂದೊಂದು ಎಳೆನೂ ಕವಲೊಡೆದು ಹೋಗಿದೆ. ಫಂಗಸ್ಸು. ಬಿಚ್ಚಿ ಒರೆಸಿದ್ಮೇಲೂ ಆ ಎಳೆ ಇದ್ದ ಜಾಗದಲ್ಲಿ ಕೋಟಿಂಗ್ ತಿಂದುಹೋಗಿ ಗುರುತು ಹಾಗೇ ಉಳೀತು. ವಾಪಸ್ ತಗೊಳ್ಳಿ ಅಂದ್ರೆ ಮಾರಿದವರು ಉತ್ತರಾನೇ ಕೊಡ್ಲಿಲ್ಲ, ಬಹಳ ಬೇಜಾರಾಯ್ತು.

ಅದಕ್ಕೇ ಟಾರ್ಚ್ ಹಿಡಿದ ಫೋಟೋ ಇಲ್ದೆ ದುಡ್ಡು ಕೊಡ್ಬೇಡಿ. ಬೇರಿನ ಹಾಗಿದ್ರೆ ಫಂಗಸ್, ಹಾಲು ಸವರಿದ ಹಾಗೆ ಒಂದೇ ಸಮ ಮಸುಕು ಇದ್ರೆ ಹೇಜ್, ಅಂಚಲ್ಲಿ ಕಾಮನಬಿಲ್ಲಿನ ಬಣ್ಣ ಅಥವಾ ಗುಳ್ಳೆ ಥರ ಇದ್ರೆ ಎರಡು ಗಾಜು ಅಂಟಿಸಿರೋ ಅಂಟು ಬಿಟ್ಟಿದೆ ಅಂತ, ಅದನ್ನ ಮನೇಲಿ ಸರಿ ಮಾಡೋಕಾಗಲ್ಲ, ಬಿಟ್ಬಿಡಿ. ಧೂಳಿಗೆ ತಲೆ ಕೆಡಿಸ್ಕೋಬೇಡಿ, 40-50 ವರ್ಷದ ಲೆನ್ಸಲ್ಲಿ ಧೂಳು ಇದ್ದೇ ಇರತ್ತೆ, ಫೋಟೋದಲ್ಲಿ ಕಾಣಲ್ಲ. ಮುಂದಿನ ಗಾಜಲ್ಲಿ ಒಂದೆರಡು ಗೀರು ಪರವಾಗಿಲ್ಲ, ಅದನ್ನೇ ತೋರ್ಸಿ ಬೆಲೆ ಇಳಿಸಿ, ಹಿಂದಿನ ಗಾಜಲ್ಲಿ ಗೀರಿದ್ರೆ ಮಾತ್ರ ಬೇಡ.

ಬ್ಲೇಡಿಗೆ ಎಣ್ಣೆ ಇಳಿದಿರೋದು ಕಿನೋ ಮಾಡಿದ ಲೆನ್ಸುಗಳಲ್ಲಿ ಬಹಳ ಸಾಮಾನ್ಯ, ನೀವು ನೋಡ್ತಿರೋ 70-210ನಲ್ಲೂ ಇದನ್ನ ಕೇಳ್ಲೇಬೇಕು. ಹಿಂದಿನ ಲಿವರ್ ಬೆರಳಲ್ಲಿ ಒತ್ತಿ ಬಿಟ್ರೆ ಬ್ಲೇಡ್ ಟಪ್ ಅಂತ ಬರಬೇಕು, ನಿಧಾನಕ್ಕೆ ತೆವಳ್ಕೊಂಡು ಬಂದ್ರೆ ಎಣ್ಣೆ ಇದೆ. ಮಿರರ್‌ಲೆಸ್ಸಲ್ಲಿ ನಾವು ಕೈಯಲ್ಲೇ ಮುಚ್ಚಿ ತೆಗೆಯೋದ್ರಿಂದ ಸ್ವಲ್ಪ ನಿಧಾನ ಆದ್ರೆ ಎಕ್ಸ್‌ಪೋಷರ್ ಕೆಡಲ್ಲ, ಪೂರ್ತಿ ಅಂಟ್ಕೊಂಡಿದ್ರೆ ಬೇಡ. ಸ್ಕ್ರೂಗಳ ತಲೆ ತರಚಿದ್ರೆ ಯಾರೋ ಬಿಚ್ಚಿದಾರೆ ಅಂತ, ಆಗ ದೂರದ ಮರನೋ ಕಂಬನೋ ಸರಿಯಾಗಿ ಫೋಕಸ್ ಆಗತ್ತಾ ಅಂತ ಪರೀಕ್ಷೆ ಮಾಡಿ. ಫೋಕಸ್ ರಿಂಗ್ ಬಿಗಿ ಇದ್ರೆ ಗ್ರೀಸ್ ಒಣಗಿದೆ, ಪ್ರೈಮಲ್ಲಿ ಹೊಸ ಗ್ರೀಸ್ ಹಾಕಿಸ್ಬಹುದು, ಜೂಮಲ್ಲಿ ಆ ರಗಳೆ ಬೇಡ.

ಬಂದ್ಮೇಲೆ ಕ್ಯಾಮೆರಾದಲ್ಲಿ ಲೆನ್ಸ್ ಇಲ್ಲದೆ ಶಟರ್ ಬಿಡೋ ಆಯ್ಕೆ ಆನ್ ಮಾಡಿ, ಬಾಡಿಯಲ್ಲೇ ಸ್ಟೆಬಿಲೈಸೇಷನ್ ಇದ್ರೆ ಫೋಕಲ್ ಲೆಂತ್ ಕೈಯಲ್ಲೇ ಹಾಕಿ, 1.5 ಗುಣಿಸ್ಬೇಡಿ, ಲೆನ್ಸ್ ಮೇಲಿರೋದನ್ನೇ ಹಾಕಿ. ಪೀಕಿಂಗ್ (ಫೋಕಸ್ ಆದ ಅಂಚಿಗೆ ಕ್ಯಾಮೆರಾ ಬಣ್ಣ ತೋರ್ಸೋದು) ಒಂದನ್ನೇ ನಂಬದೆ ಜೂಮ್ ಮಾಡಿ ಕಣ್ಣಿನ ರೆಪ್ಪೆ ನೋಡಿ ಫೋಕಸ್ ಮಾಡಿ. ಹಳೇ ಕೋಟಿಂಗಿಗೆ ಎದುರು ಬೆಳಕು ಆಗಿಬರಲ್ಲ, ಒಂದು ಹುಡ್ ಹಾಕಿದ್ರೆ ಕಾಂಟ್ರಾಸ್ಟ್ ಎಷ್ಟು ಬದಲಾಗತ್ತೆ ಅಂತ ನೀವೇ ನೋಡ್ತೀರಿ.

ಸದ್ಯಕ್ಕೆ ಆ 70-210 ಮಾರೋರಿಗೆ ಇಲ್ಲ ಅನ್ಬೇಡಿ, ಹಿಂದಿನ ಭಾಗದ್ದು ಒಂದು, ಟಾರ್ಚ್ ಹಿಡಿದು ಒಂದು, ಅಪರ್ಚರ್ ಎಫ್ 11ಗೆ ಇಟ್ಟು ಒಂದು, ಮೂರು ಫೋಟೋ ಕೇಳಿ ತರಿಸಿ ಇಲ್ಲಿ ಹಾಕಿ. ಜೊತೆಗೆ ಅವರ ಹತ್ರ ಅದೇ ಬ್ಯಾಗಲ್ಲಿ ಬೇರೆ ಲೆನ್ಸ್ ಏನಾದ್ರೂ ಇದ್ಯಾ ಅಂತಾನೂ ಕೇಳಿ, 70ರ ದಶಕದಲ್ಲಿ ಸೀರೀಸ್ 1 ತಗೊಂಡೋರು ಒಂದೇ ಲೆನ್ಸಿಗೆ ನಿಲ್ಸಿರೋದು ಕಮ್ಮಿ.