ಟ್ರೈಕ್‌ಗೆ ಡ್ಯಾಂಪರ್ ಆಮೇಲೆ, ಮೊದಲು ಟೈರ್ ನೋಡಿ

ವೇಗ 90 ಕಿ.ಮೀ. ದಾಟಿದರೆ ನಿಮ್ಮ ಟ್ರೈಕ್ (ಮೂರು ಚಕ್ರದ ಬೈಕ್) ಅತ್ತಿತ್ತ ಸರಿಯುತ್ತದೆ, ಸ್ಟೀರಿಂಗ್ ಡ್ಯಾಂಪರ್ ಹಾಕಿಸಲಾ ಅಂತ ಕೇಳಿದ್ದೀರಿ. ಸದ್ಯಕ್ಕೆ ಬೇಡ. ಡ್ಯಾಂಪರ್ ಹ್ಯಾಂಡಲ್ ನಡುಗುವುದನ್ನು ತಡೆಯುತ್ತದೆ, ಅಷ್ಟೇ. ಗಾಡಿ ಗೆರೆ ಬಿಟ್ಟು ಸರಿಯುವುದಕ್ಕೆ ಸಾಮಾನ್ಯವಾಗಿ ಬೇರೆ ಕಾರಣ ಇರುತ್ತದೆ.

ಮೊದಲು ಹಿಂದಿನ ಎರಡು ಟೈರ್‌ಗಳ ಗಾಳಿ ನೋಡಿ, ತಣ್ಣಗಿರುವಾಗ. ಎರಡರಲ್ಲೂ ಒಂದೇ ಸಮ ಇರಬೇಕು. ಕಾರ್ ಟೈರ್ ಹಾಕಿದ್ದರೆ ಕಾರಿನ ಲೆಕ್ಕದ ಗಾಳಿ ಜಾಸ್ತಿಯಾಗುತ್ತದೆ. ಟ್ರೈಕ್ ಅಷ್ಟು ಭಾರ ಇರಲ್ಲ, ಅಲ್ವಾ? ಬೈಕನ್ನು ಟ್ರೈಕ್ ಮಾಡುವ ಕಿಟ್‌ನ ತಯಾರಕರು ಹೇಳಿದಷ್ಟೇ ಹಾಕಿ. ಆಮೇಲೆ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನೇರ ಇದೆಯಾ ನೋಡಿ. ಸ್ವಿಂಗ್‌ಆರ್ಮ್ ಪಿವಟ್‌ನಿಂದ, ಅಂದರೆ ಆಕ್ಸಲ್ ಹಿಡಿದಿರುವ ತೋಳು ಫ್ರೇಮ್‌ಗೆ ಸೇರುವ ಜಾಗದಿಂದ, ಆಕ್ಸಲ್‌ವರೆಗೆ ಎರಡೂ ಬದಿ ಅಳೆಯಿರಿ. ಕೆಲವೇ ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೂ ಗಾಡಿ ಒಂದು ಕಡೆ ಎಳೆಯಬಹುದು. ಸ್ವಿಂಗ್‌ಆರ್ಮ್‌ನ ಬುಶ್, ಹ್ಯಾಂಡಲ್ ತಿರುಗುವ ಜಾಗದ ಹೆಡ್ ಬೇರಿಂಗ್ ಸಡಿಲ ಇದ್ದರೆ ಅದನ್ನೂ ಸರಿಮಾಡಿಸಿ.

ಸ್ಟೀರಿಂಗ್ ಹಗುರ ಆಗಲಿ ಅಂತ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು) ಕೋನ ಬದಲಿಸಿದ್ದೀರಾ? ಹಾಗಿದ್ದರೆ ಟ್ರೇಲ್ ಕಡಿಮೆಯಾಗಿರುತ್ತದೆ. ಟ್ರೇಲ್ ಅಂದರೆ ಸ್ಟೀರಿಂಗ್ ತಿರುಗುವ ಅಕ್ಷ ನೆಲ ಮುಟ್ಟುವ ಜಾಗಕ್ಕೂ ಮುಂದಿನ ಟೈರ್ ನೆಲ ಮುಟ್ಟುವ ಜಾಗಕ್ಕೂ ನಡುವಿನ ಅಂತರ. ತೀರಾ ಕಡಿಮೆಯಾದರೆ ಮುಂದಿನ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ. ನನಗೆ ಹೆಚ್ಚು ಅನುಮಾನ ಇದರ ಮೇಲೆಯೇ.

ಹಿಂದೆ ಸಾಮಾನು ತುಂಬಿದರೆ ಮುಂದಿನ ಚಕ್ರದ ಭಾರ ಇಳಿಯುತ್ತದೆ, ಆಕ್ಸಲ್‌ನ ಮುಂದಕ್ಕೆ ಇಡಿ. ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ. ಟ್ರೈಕ್ ಬೈಕಿನ ಹಾಗೆ ವಾಲುವುದಿಲ್ಲ, ತೋಳಿನ ಅಲುಗಾಟವೆಲ್ಲ ನೇರ ಚಕ್ರಕ್ಕೇ ಹೋಗುತ್ತದೆ.