ಓದುಗರ ಪ್ರಶ್ನೆ: ಚುಕ್ಕಿಗೆ ಬಾಲ ಬರುವುದೇಕೆ?

ಪ್ರಶ್ನೆ: ಹಳೆಯ ಸಿ.ಡಿ. ಮೇಲೆ ಅಕ್ರಿಲಿಕ್ ಬಣ್ಣದಲ್ಲಿ ಚುಕ್ಕಿ ಮಂಡಲ ಬಿಡಿಸುತ್ತಿದ್ದೇನೆ. ಚುಕ್ಕಿಗೆ ಬಾಲ ಬರುತ್ತದೆ, ಒಂದರಂತೆ ಒಂದಿರುವುದಿಲ್ಲ, ಕೆಲವು ದಿನಕ್ಕೇ ಸಿಪ್ಪೆಯಂತೆ ಏಳುತ್ತವೆ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಬಣ್ಣ ಗಟ್ಟಿಯಾದರೆ ಬಾಲ ಬರುತ್ತದೆ. ಒಂದು ಚಮಚ ಬಣ್ಣಕ್ಕೆ ನಾಲ್ಕೈದು ಹನಿ ನೀರು ಬೆರೆಸಿ. ಚುಕ್ಕಿ ಇಡುವ ಕಡ್ಡಿಯಿಂದ ಬಿದ್ದ ಹನಿ ಎರಡು ಮೂರು ಸೆಕೆಂಡಿನಲ್ಲಿ ಮಟ್ಟವಾದರೆ ಹದ ಸರಿ. ಬಿದ್ದ ಕೂಡಲೇ ಹರಡಿದರೆ ನೀರು ಜಾಸ್ತಿಯಾಗಿದೆ. ಚುಕ್ಕಿಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕಡ್ಡಿಯನ್ನು ಓರೆಯಾಗಿ ಎತ್ತಿದರೂ ಬಾಲ ತಪ್ಪದು. ನೆಟ್ಟಗೆ ಇಳಿಸಿ, ನೆಟ್ಟಗೆ ಎತ್ತಿ.

ಗಾತ್ರ ಒಂದೇ ಇರಬೇಕಾದರೆ ಪ್ರತಿ ಚುಕ್ಕಿಗೂ ಹೊಸದಾಗಿ ಅದ್ದಬೇಕು. ಒಮ್ಮೆ ಅದ್ದಿ ಐದಾರು ಇಟ್ಟರೆ ಅವು ತಾವೇ ಚಿಕ್ಕದಾಗುತ್ತ ಹೋಗುತ್ತವೆ. ನವಿಲುಗರಿಯ ಅಂಚಿಗೆ ಬೇಕಾದ್ದು ಅದೇ. ದುಡ್ಡು ಕೊಟ್ಟು ಕಡ್ಡಿಗಳ ಸೆಟ್ ತರಬೇಡಿ. ಉರಿದು ಮುಗಿದ ಊದುಬತ್ತಿಯ ಕಡ್ಡಿ (ಮೈಸೂರಲ್ಲಿ ಅದಕ್ಕೇನು ಬರ!), ಪೆನ್ಸಿಲ್ ಹಿಂಬದಿಯ ರಬ್ಬರ್, ಸ್ವೆಟರ್ ಹೆಣೆಯುವ ಕಡ್ಡಿ ಸಾಕು.

ಸಿಪ್ಪೆ ಏಳುವುದು ಸಿ.ಡಿ.ಯ ನುಣುಪಿನಿಂದ. 220 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಧೂಳು ಒರೆಸಿ, ಪ್ರೈಮರ್ (ಬಣ್ಣ ಹಿಡಿಯಲೆಂದು ಹಚ್ಚುವ ತಳಬಣ್ಣ) ಎರಡು ಸಲ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಶುರುಮಾಡಿ. ಚುಕ್ಕಿಯ ಮೇಲೆ ಚುಕ್ಕಿ ಇಡಲು ಒಂದೆರಡು ಗಂಟೆ ಕಾಯಬೇಕು. ಬೇಗ ಒಣಗಲೆಂದು ಬಿಸಿಲಿಗೋ ಫ್ಯಾನಿನಡಿಗೋ ಇಟ್ಟರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಆಮೇಲೆ ಅದು ಕುಗ್ಗಿದಾಗ ಬಿರುಕು ಬಿಡುತ್ತದೆ. ವಾರ್ನಿಷ್ ಎರಡು ಮೂರು ದಿನ ಬಿಟ್ಟೇ.

ಪ್ರಶ್ನೆ: 7ರಿಂದ 4 ಸಂದು ಚುಕ್ಕಿ ಇಟ್ಟರೆ ರಂಗೋಲಿ ಉದ್ದುದ್ದ ಎಳೆದಂತಾಗುತ್ತದೆ. ಏಕೆ?
– ಓದುಗರು, ಮಂಡ್ಯ

ಉತ್ತರ: ಚುಕ್ಕಿಗಳ ನಡುವೆ ಎಷ್ಟು ಅಂತರವೋ ಸಾಲುಗಳ ನಡುವೆಯೂ ಅಷ್ಟೇ ಬಿಡುತ್ತಿದ್ದೀರಿ. ನೇರ ಚುಕ್ಕಿಗೆ ಅದು ಸರಿ. ಸಂದು ಚುಕ್ಕಿಯಲ್ಲಿ ಸಾಲು ತುಸು ಹತ್ತಿರ ಬರಬೇಕು: ಚುಕ್ಕಿಗಳ ನಡುವೆ 4 ಸೆಂ.ಮೀ. ಇದ್ದರೆ ಸಾಲುಗಳ ನಡುವೆ 3.5. ನಡುವಿನ 7 ಮೊದಲು ಇಡಿ. ಮೇಲಿನ 6ನ್ನು ಅದರ ಸಂದುಗಳಿಗೆ ಸರಿಯಾಗಿ, ಹಾಗೇ 5, 4. ಕೆಳಕ್ಕೂ ಅದೇ ಲೆಕ್ಕ. ಒಟ್ಟು 37. ಎಣಿಸಿಕೊಂಡೇ ಗೆರೆ ಎಳೆಯಿರಿ. ಒಂದು ಚುಕ್ಕಿ ತಪ್ಪಿದ್ದು ಕೊನೆಯ ಸುತ್ತಿನಲ್ಲಿ ಗೊತ್ತಾದರೆ ಅಳಿಸುವುದು ಬಿಟ್ಟರೆ ದಾರಿಯಿಲ್ಲ.

ಪ್ರಶ್ನೆ: ನಾಲ್ಕು ವರ್ಷದ ಮಗುವಿಗೆ ಏನು ಕೊಡಲಿ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಬೆರಳೇ ಸಾಕು. ದಪ್ಪ ಹಾಳೆಯಲ್ಲಿ ನೀವು ಮರದ ಕಾಂಡ ಬರೆದುಕೊಡಿ, ಎಲೆಗಳನ್ನು ಅದು ಒತ್ತಲಿ. ಬಣ್ಣ ಎರಡೇ ಇರಲಿ, ಮೂರಾದರೆ ಎಲ್ಲ ಸೇರಿ ಕೆಸರಾಗುತ್ತದೆ.

ಪ್ರಶ್ನೆ: ಹಳದಿ, ನೀಲಿ ಚುಕ್ಕಿ ಒತ್ತೊತ್ತಾಗಿ ಇಟ್ಟರೆ ದೂರದಿಂದ ಹಸಿರು ಕಾಣುತ್ತದೆ ಎನ್ನುತ್ತಾರೆ. ನನಗೆ ಕಾಣಲಿಲ್ಲ.
– ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ನಿಮ್ಮ ಕಣ್ಣು ಸರಿಯಾಗಿದೆ. ಬಟ್ಟಲಲ್ಲಿ ಕಲಸಿದರೆ ಹಸಿರು. ಚುಕ್ಕಿಗಳಾಗಿ ಕಣ್ಣಲ್ಲಿ ಬೆರೆತರೆ ಬೂದು. ಈ ಕ್ರಮದ ಹೆಸರಾಂತ ಚಿತ್ರಕಾರ ಫ್ರಾನ್ಸಿನ ಜಾರ್ಜ್ ಸೆರಾ 1884ರಿಂದ 1886ರವರೆಗೆ ಮಾಡಿದ ದೊಡ್ಡ ಚಿತ್ರದಲ್ಲೂ ಹುಲ್ಲಿಗೆ ಹಸಿರನ್ನೇ ಬಳಸಿದ್ದಾನೆ. ನೀವೂ ಹಸಿರು ಚುಕ್ಕಿ ಇಟ್ಟು, ಬಿಸಿಲಿನ ಕಡೆ ಹಳದಿ, ನೆರಳಿನ ಕಡೆ ನೀಲಿ ಸೇರಿಸಿ. ಇನ್ನು, ದೂರ ನಿಂತು ನೋಡಿ. ಮೈಸೂರು ಅರಮನೆಯ ದೀಪಾಲಂಕಾರವೂ ಹತ್ತಿರದಲ್ಲಿ ಬಿಡಿಬಿಡಿ ಬಲ್ಬು, ದೊಡ್ಡ ಗಡಿಯಾರದ ಗೋಪುರದ ಕಡೆಯಿಂದ ನೋಡಿದರೆ ಗೆರೆ. 2 ಮಿ.ಮೀ. ಚುಕ್ಕಿಯ ಚಿತ್ರವಾದರೆ ಏಳೆಂಟು ಹೆಜ್ಜೆ ಹಿಂದೆ ಸರಿಯಿರಿ.