ಫ್ಯಾನ್ ಬೆಲ್ಟ್ ಬೇರೆ, ಟೈಮಿಂಗ್ ಬೆಲ್ಟ್ ಬೇರೆ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹ್ಯುಂಡೈನ ಹಳೇ ಸಣ್ಣ ಕಾರುಗಳ ಬಗ್ಗೆಯೇ ಇವೆ. ಸ್ಯಾಂಟ್ರೋ, ಐ10, ಇಯಾನ್. 1998ರಲ್ಲಿ ಶ್ರೀಪೆರಂಬುದೂರು ಹತ್ತಿರದ ಕಾರ್ಖಾನೆಯಿಂದ ಮೊದಲ ಸ್ಯಾಂಟ್ರೋ ಹೊರಬಂದಾಗ ಅದರ ಎತ್ತರ ನೋಡಿ ನಕ್ಕವರಿದ್ದರು. ಒಳಗೆ ಕೂತು ನೋಡಿದ ಮೇಲೆ ಅವರೇ ಬುಕ್ ಮಾಡಿದರು. ಆ ಕಾರುಗಳೂ, ಅವುಗಳ ತಮ್ಮಂದಿರೂ ಈಗ ಮೂರನೇ ನಾಲ್ಕನೇ ಓನರ್ ಕೈಯಲ್ಲಿವೆ. ಒಳ್ಳೇ ಕಾರುಗಳೇ. ನನ್ನ ತಕರಾರು ಕಾರಿನ ಮೇಲಲ್ಲ, ಪ್ರಶ್ನೆಯ ಮೇಲೆ. ಎಂಜಿನ್ ಟೈಮಿಂಗ್ ಬೆಲ್ಟಿನ ಬಗ್ಗೆ ಒಂದೇ ಪ್ರಶ್ನೆ, ಊರು ಬದಲಾಯಿಸಿಕೊಂಡು ಬರುತ್ತಲೇ ಇದೆ. ಈ ಸಲ ಅದಕ್ಕೇ ಜಾಗ ಕೊಟ್ಟುಬಿಡುತ್ತೇನೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಎರಡು ತಿಂಗಳ ಹಿಂದೆ 2011ರ ಐ10 (1.1 ಪೆಟ್ರೋಲ್) ತೆಗೆದುಕೊಂಡೆ. ನಾನು ಮೂರನೇ ಓನರ್. ಮೀಟರ್ 52,000 ಕಿ.ಮೀ. ತೋರಿಸುತ್ತಿದೆ. ಮಾರಿದವರು "ಬೆಲ್ಟ್ ಹಾಕಿಸಿದ್ದೇವೆ" ಅಂದರು. ನಮ್ಮ ಮೆಕ್ಯಾನಿಕ್ ಕವರ್ ಸರಿಸಿ ನೋಡಿ "ಬೆಲ್ಟ್ ಚೆನ್ನಾಗಿದೆ, ಇನ್ನೂ ಇಪ್ಪತ್ತು ಸಾವಿರ ಓಡುತ್ತೆ" ಅಂದ. ಗೆಳೆಯನೊಬ್ಬ ಐ10ಗೆ ಬೆಲ್ಟೇ ಇಲ್ಲ, ಚೈನು ಇರೋದು ಅನ್ನುತ್ತಾನೆ. ಯಾರ ಮಾತು ಕೇಳಲಿ? — ತಿಪಟೂರಿನ ಓದುಗರು

ಉತ್ತರ: ಮೂವರದೂ ಬೇಡ. ಆರ್‌ಸಿ ತೆಗೆದು ನೋಡಿ.

ಅದರಲ್ಲಿ ಎಂಜಿನ್ ಎಷ್ಟು ಸಿಸಿ ಅಂತ ಬರೆದಿರುತ್ತದೆ. 1086 (ಅದೇ 1.1) ಅಂತ ಇದ್ದರೆ ಟೈಮಿಂಗ್ ಬೆಲ್ಟು. 1197 (ಅದೇ 1.2) ಅಂತ ಇದ್ದರೆ ಅದರ ಬದಲು ಚೈನು. ನಿಮ್ಮ ಗೆಳೆಯ ಸುಳ್ಳು ಹೇಳಿಲ್ಲ, ಅವನ ಐ10 1.2 ಇರಬೇಕು ಅಷ್ಟೇ. 2007ರ ಕೊನೆಯಲ್ಲಿ ಐ10 ಬಂದಾಗ ಸ್ಯಾಂಟ್ರೋದ 1.1 ಎಂಜಿನ್ ವಂಶವೇ ಅದರಲ್ಲಿತ್ತು. ಮುಂದಿನ ವರ್ಷ ಕಪ್ಪಾ ಅನ್ನುವ 1.2 ಎಂಜಿನ್ ಸೇರಿಕೊಂಡಿತು. ಬಾಡಿ ಒಂದೇ, ಹೆಸರು ಒಂದೇ, ಬಾನೆಟ್ ಕೆಳಗಿನ ಸಂಸಾರ ಮಾತ್ರ ಬೇರೆ. "ಐ10ಗೆ ಚೈನಾ ಬೆಲ್ಟಾ" ಅಂತ ಕೇಳುವುದೇ ತಪ್ಪು. ಯಾವ ಎಂಜಿನ್ ಅಂತ ಕೇಳಬೇಕು.

ಇಯಾನ್ ಇಟ್ಟುಕೊಂಡವರೂ ಇಲ್ಲೇ ಕೇಳಿಸಿಕೊಳ್ಳಿ. 814 ಸಿಸಿ ಇಯಾನ್‌ಗೆ ಬೆಲ್ಟು. ಆಮೇಲೆ ಬಂದ 998 ಸಿಸಿ ಇಯಾನ್‌ಗೆ ಚೈನು. ಮೊದಮೊದಲ ಸ್ಯಾಂಟ್ರೋ 999 ಸಿಸಿ, ಅದಕ್ಕೆ ಬೆಲ್ಟು. 998ಕ್ಕೂ 999ಕ್ಕೂ ಒಂದೇ ಅಂಕಿ ವ್ಯತ್ಯಾಸ, ಆದರೆ ಎರಡೂ ಬೇರೆ ಬೇರೆ ಎಂಜಿನ್. 2018ರಲ್ಲಿ ಮತ್ತೆ ಬಂದ ಸ್ಯಾಂಟ್ರೋಗೂ ಅದೇ 1086.

ಈಗ ಮಾರಿದವರ ಮಾತು. "ಬೆಲ್ಟ್ ಹಾಕಿಸಿದ್ದೇವೆ" ಅಂದರೆ ಯಾವ ಬೆಲ್ಟು? ಹತ್ತರಲ್ಲಿ ಆರು ಜನ ಫ್ಯಾನ್ ಬೆಲ್ಟ್ ಹಾಕಿಸಿ ಹಾಗೆ ಹೇಳುತ್ತಾರೆ. ಅದು ಹೊರಗೆ ಕಣ್ಣಿಗೆ ಕಾಣುವ ಬೆಲ್ಟು, ಆಲ್ಟರ್ನೇಟರ್ ತಿರುಗಿಸುವುದು. (ನಿಜ ಹೇಳಬೇಕೆಂದರೆ ಈ ಕಾರುಗಳ ಫ್ಯಾನಿಗೆ ಬೆಲ್ಟೇ ಇಲ್ಲ, ಅದು ಮೋಟರ್‌ನಲ್ಲಿ ತಿರುಗುತ್ತದೆ. ಅಂಬಾಸಿಡರ್ ಕಾಲದ ಹೆಸರು ಇನ್ನೂ ನಾಲಿಗೆ ಮೇಲಿದೆ.) ಅದು ಕಿತ್ತುಹೋದರೆ ಡ್ಯಾಶ್‌ನಲ್ಲಿ ಬ್ಯಾಟರಿ ಲೈಟ್ ಬರುತ್ತದೆ, ದಾರಿಯಲ್ಲಿ ನಿಲ್ಲಿಸಿ ಇನ್ನೊಂದು ಹಾಕಿಸಬಹುದು. ಟೈಮಿಂಗ್ ಬೆಲ್ಟ್ ಹಾಗಲ್ಲ. ಅದು ಪ್ಲಾಸ್ಟಿಕ್ ಕವರಿನ ಒಳಗೆ ಕೂತು ಪಿಸ್ಟನ್‌ಗಳನ್ನು ಏರಿಸಿ ಇಳಿಸುವ ಕ್ರ್ಯಾಂಕಿಗೂ ವಾಲ್ವ್ ತೆರೆಯುವ ಕ್ಯಾಮಿಗೂ ಜೋಡಿ ಕಟ್ಟಿರುತ್ತದೆ. ಪಿಸ್ಟನ್ ಮೇಲೆ ಬರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಅದನ್ನು ನೋಡಿಕೊಳ್ಳುವುದು ಆ ಹಲ್ಲಿನ ಬೆಲ್ಟು. ಅದು ಕಿತ್ತರೆ ಕ್ಯಾಮ್ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಪಿಸ್ಟನ್ ಮಾತ್ರ ಓಟದ ರಭಸಕ್ಕೆ ಮೇಲೆ ಬರುತ್ತಲೇ ಇರುತ್ತದೆ. ತೆರೆದು ನಿಂತ ವಾಲ್ವಿಗೆ ಹೋಗಿ ಗುದ್ದುತ್ತದೆ.

ಹೋದ ಮಳೆಗಾಲದಲ್ಲಿ ಇಂಥದ್ದೇ ಒಂದು ಕಾರನ್ನು ಶಿರಾಡಿ ಘಾಟಿಯಿಂದ ಎಳೆದುಕೊಂಡು ಹಾಸನದ ನನ್ನ ಶೆಡ್ಡಿಗೆ ತಂದರು. ಮದುವೆಗೆ ಹೊರಟಿದ್ದವರು, ಹಿಂದಿನ ಸೀಟಿನಲ್ಲಿ ಇನ್ನೂ ಬಾಳೆಲೆ ಕಟ್ಟು ಇತ್ತು. ಬೆಲ್ಟ್ ನೋಡಿ "ಏನೂ ಆಗಿಲ್ಲ ಸಾರ್" ಅಂತ ಯಾರೋ ಹೇಳಿದ್ದರಂತೆ, ಇವರು ನಂಬಿದ್ದರು. ಇಳಿಜಾರಿನಲ್ಲಿ ಸದ್ದಿಲ್ಲದೆ ಎಂಜಿನ್ ಆಫ್ ಆಯಿತು. ಡ್ರೈವರ್ ಏನು ಮಾಡಿದ? ಪೆಟ್ರೋಲ್ ಬರುತ್ತಿಲ್ಲವೇನೋ ಅಂದುಕೊಂಡು ಸೆಲ್ಫ್ ಹೊಡೆದ. ಮತ್ತೆ ಹೊಡೆದ. ಬ್ಯಾಟರಿ ಸುಸ್ತಾಗುವ ತನಕ ಹೊಡೆದ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಇಳಿಸಿ ನೋಡಿದರೆ ಎರಡು ಪಿಸ್ಟನ್ ತಲೆ ಮೇಲೆ ಉಗುರು ಒತ್ತಿದ ಹಾಗೆ ಅರ್ಧಚಂದ್ರದ ಗುರುತು. ವಾಲ್ವ್‌ಗಳನ್ನು ತೆಗೆದು ಒಂದೊಂದಾಗಿ ಗಾಜಿನ ಮೇಲೆ ಉರುಳಿಸಿದೆ. ನೆಟ್ಟಗಿದ್ದದ್ದು ಸುಮ್ಮನೆ ಉರುಳುತ್ತದೆ. ಬಾಗಿದ್ದದ್ದು ಕುಂಟುತ್ತದೆ. ಹನ್ನೆರಡರಲ್ಲಿ ಐದು ಕುಂಟಿದವು.

ಬೆಲ್ಟು, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ರಾಟೆ), ಸೀಲು (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ), ಕೂಲಿ ಎಲ್ಲ ಸೇರಿ ಕೆಲವೇ ಸಾವಿರದಲ್ಲಿ ಮುಗಿಯುವ ಕೆಲಸ ಅದು. ಹೆಡ್ ಇಳಿಸಿ, ವಾಲ್ವ್ ಹಾಕಿ, ಗ್ಯಾಸ್ಕೆಟ್ ಬದಲಿಸಿ, ಲೇತಿನವರ ಹತ್ತಿರ ಓಡಾಡಿ ಮುಗಿಸುವಾಗ ಆರೇಳು ಪಟ್ಟು ಆಯಿತು. ಟೋ ಮಾಡಿದ ದುಡ್ಡು ಬೇರೆ.

ಒಂದು ಗುರುತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ. ಓಡುತ್ತಿದ್ದ ಕಾರು ತಟ್ಟನೆ ನಿಂತು, ಸೆಲ್ಫ್ ಹೊಡೆದಾಗ ಯಾವತ್ತಿಗಿಂತ ಹಗುರವಾಗಿ, ಒಂದೇ ಸಮ ಗಿರ್ರೆಂದು ತಿರುಗಿದರೆ ಕೀ ತೆಗೆದು ಜೇಬಿಗೆ ಹಾಕಿ. ತಳ್ಳಿ ಸ್ಟಾರ್ಟ್ ಮಾಡಲು ಜನ ಸೇರಿಸಬೇಡಿ. ಉಳಿದಿರುವ ವಾಲ್ವೂ ಹೋಗುತ್ತದೆ.

ಇನ್ನು ನಿಮ್ಮ ಮೆಕ್ಯಾನಿಕ್. ಕವರ್ ಸರಿಸಿ ಬೆಲ್ಟಿನ ಬೆನ್ನು ನೋಡಿ ಆಯುಸ್ಸು ಹೇಳುವುದು ಹಸ್ತರೇಖೆ ನೋಡಿದ ಹಾಗೆ. ಬೆಲ್ಟಿನ ಜೀವ ಇರುವುದು ಒಳಗಿನ ದಾರಗಳಲ್ಲಿ ಮತ್ತು ಹಲ್ಲಿನ ಬುಡದಲ್ಲಿ. ಬೆನ್ನು ಕಪ್ಪಗೆ ಹೊಳೆಯುತ್ತಿರುವಾಗಲೇ ಹಲ್ಲು ಬುಡ ಸಮೇತ ಕಿತ್ತುಬಂದದ್ದನ್ನು ನೋಡಿದ್ದೇನೆ. ಬಿರುಕು ಕಂಡರೆ ಬೆಲ್ಟು ಕೆಟ್ಟಿದೆ ಅನ್ನಬಹುದು. ಬಿರುಕು ಕಾಣದಿದ್ದರೆ ಏನನ್ನೂ ಹೇಳಲು ಆಗುವುದಿಲ್ಲ. ಕ್ಯಾಮ್ ಸೀಲಿನಿಂದ ಒಂದಿಷ್ಟು ಆಯಿಲ್ ಜಿನುಗಿ ರಬ್ಬರು ಉಬ್ಬಿದ್ದರೆ ಅದೂ ಮೇಲಿನಿಂದ ಕಾಣುವುದಿಲ್ಲ. ಇನ್ನು ಕೆಲವರು ಬೆಲ್ಟಿಗೆ ಸ್ಪ್ರೇ ಹೊಡೆದು "ಬಾಳಿಕೆ ಬರುತ್ತೆ" ಅನ್ನುತ್ತಾರೆ. ಹಾಗೆ ಹೇಳಿದವರ ಶೆಡ್ಡಿಗೆ ಮತ್ತೆ ಕಾಲಿಡಬೇಡಿ.

ಮೀಟರ್ 52,000 ಅನ್ನುತ್ತದೆ. ಇರಬಹುದು. ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗ್ ಮೇಲಿನ ಹೊಳಪು, ಡ್ರೈವರ್ ಸೀಟಿನ ಅಂಚು ಒಮ್ಮೆ ನೋಡಿ. ಪೆಡಲು ಬೋಳಾಗಿದ್ದರೆ ಮೀಟರ್ ಸುಳ್ಳು ಹೇಳುತ್ತಿದೆ ಅಂತ ಲೆಕ್ಕ. ಆ ಅಂಕಿ ನಿಜವೇ ಇದ್ದರೂ 2011ರ ಕಾರು. ರಬ್ಬರಿಗೆ ಕಿಲೋಮೀಟರ್ ಮಾತ್ರ ಅಲ್ಲ, ವರ್ಷವೂ ಆಗುತ್ತದೆ. ಭಾನುವಾರ ಮಾತ್ರ ತೆಗೆಯುವ ಕಾರಿನ ಬೆಲ್ಟೂ ಮುದಿಯಾಗುತ್ತದೆ.

ನನ್ನ ಲೆಕ್ಕ ಇದು: 60,000 ಕಿ.ಮೀ. ಅಥವಾ ಐದು ವರ್ಷ, ಯಾವುದು ಮೊದಲೋ ಅದು. ಇನ್ನೂ ಮುಂದೆ ಓಡಿಸಬಹುದು ಅನ್ನುವವರಿದ್ದಾರೆ. ಓಡಿಸಲಿ. ನಾನು ಸ್ವಲ್ಪ ಪುಕ್ಕಲ, ಬಾಗಿದ ವಾಲ್ವ್ ನೋಡಿ ನೋಡಿ ಹಾಗಾಗಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು ಆದರೆ ಅದೂ ಬೇಡ. ಬಿಲ್ ಇಲ್ಲ ಅಂದರೆ ಬೆಲ್ಟ್ ಹಾಕಿಲ್ಲ ಅಂತಲೇ ತಿಳಿಯಿರಿ, ತಂದ ವಾರವೇ ಬದಲಿಸಿ. ನೀವು ಈಗಾಗಲೇ ಎರಡು ತಿಂಗಳು ತಡ.

ಹಾಕಿಸುವಾಗ ಹತ್ತಿರ ನಿಂತಿರಿ. ಬೆಲ್ಟಿನ ಜೊತೆ ಟೆನ್ಷನರೂ ಹೊಸದಾಗಬೇಕು. ಹಳೇ ಟೆನ್ಷನರಿನ ಬೇರಿಂಗ್ ಜಾಮ್ ಆದರೆ ಹೊಸ ಬೆಲ್ಟನ್ನೂ ತಿಂದುಹಾಕುತ್ತದೆ. ಬಿಚ್ಚಿದಾಗಲೇ ಸೀಲ್ ಬದಲಿಸಿಬಿಡಿ, ಅದಕ್ಕೆ ಬೇರೆ ಕೂಲಿ ಕೊಡುವುದು ದಡ್ಡತನ. ಬೆಲ್ಟ್ ಕೂರಿಸಿದ ಮೇಲೆ ಮೆಕ್ಯಾನಿಕ್ ನೇರವಾಗಿ ಸೆಲ್ಫ್ ಹೊಡೆಯಲು ಹೋದರೆ ಕೈ ಹಿಡಿಯಿರಿ. ಮೊದಲು ಸ್ಪ್ಯಾನರ್ ಹಾಕಿ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ ಕ್ರ್ಯಾಂಕಿನ ಮತ್ತು ಕ್ಯಾಮಿನ ಮಾರ್ಕ್ ಮತ್ತೆ ಕೂಡಿಬಂತಾ ನೋಡಬೇಕು. ಒಂದು ಹಲ್ಲು ಆಚೀಚೆ ಆದರೂ ಕಾರು ಸ್ಟಾರ್ಟ್ ಆಗುತ್ತದೆ, ಆದರೆ ಪಿಕಪ್ ಇರುವುದಿಲ್ಲ. ಆಮೇಲೆ "ಬೆಲ್ಟ್ ಹಾಕಿಸಿದ ಮೇಲೆ ಕಾರು ಎಳೆಯುತ್ತಿಲ್ಲ, ಇಂಜೆಕ್ಟರ್ ಹೋಗಿದೆಯಾ" ಅಂತ ನನಗೆ ಪತ್ರ ಬರುತ್ತದೆ. ಕೊನೆಗೆ ಕವರ್ ಮೇಲೆ ಬಿಳಿ ಮಾರ್ಕರಿನಲ್ಲಿ ತಾರೀಕು, ಕಿಲೋಮೀಟರ್ ಬರೆಸಿ. ನಿಮ್ಮಿಂದ ಕೊಳ್ಳುವ ನಾಲ್ಕನೇ ಓನರ್ ನಿಮಗೆ ಕೈ ಮುಗಿಯುತ್ತಾನೆ.

ಚೈನ್ ಇರುವವರು ನಗಬೇಡಿ. ಚೈನು ಆಯಿಲ್‌ನಲ್ಲಿ ಓಡುತ್ತದೆ. ಆಯಿಲ್ ಬದಲಿಸದೆ ಬರೀ ಟಾಪ್‌ಅಪ್ ಮಾಡುತ್ತಾ ಹೋದರೆ ಅದೂ ಸಡಿಲವಾಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬಂದರೆ ತೋರಿಸಿ.

ಪ್ರಶ್ನೆ: 2012ರ ಐ10 1.2. ನಿಂತಲ್ಲೇ ಸ್ಟೀರಿಂಗ್ ಆಚೀಚೆ ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ. ಸ್ಟೀರಿಂಗ್ ಕಾಲಮ್ ಪೂರ್ತಿ ಬದಲಿಸಬೇಕು ಎಂದು ದೊಡ್ಡ ಮೊತ್ತ ಹೇಳಿದ್ದಾರೆ. — ದಾವಣಗೆರೆಯ ಓದುಗರು

ಉತ್ತರ: ಸಹಿ ಹಾಕಬೇಡಿ. ಈ ಕಾರಿನ ಪವರ್ ಸ್ಟೀರಿಂಗ್ ಮೋಟರ್ ಡ್ಯಾಶ್ ಕೆಳಗೆ, ಕಾಲಮ್ಮಿಗೇ ಅಂಟಿಕೊಂಡಿದೆ. ಮೋಟರಿಗೂ ಗೇರಿಗೂ ನಡುವೆ ಒಂದು ರಬ್ಬರಿನಂಥ ಕಪ್ಲಿಂಗ್ ಇದೆ. ಸಣ್ಣ ಕೋಡುಬಳೆಯಷ್ಟು ಗಾತ್ರ, ಆರು ಎಸಳಿನ ಹೂವಿನ ಆಕಾರ. ವರ್ಷ ಕಳೆದಂತೆ ಎಸಳು ಪುಡಿಯಾಗಿ ಲೋಹಕ್ಕೆ ಲೋಹ ತಾಗುತ್ತದೆ. ಆ ಟಕ್ ಟಕ್ ಅದೇ. ವಸ್ತು ಅಗ್ಗ, ಕಾಲಮ್ ಇಳಿಸಿ ಏರಿಸುವ ಕೂಲಿಯೇ ಜಾಸ್ತಿ.

ಎಂಜಿನ್ ಆನ್ ಮಾಡಿ, ಕಾರು ಓಡಿಸದೆ, ಸ್ಟೀರಿಂಗ್ ಒಂದಿಷ್ಟೇ ಆಚೀಚೆ ಆಡಿಸಿ. ಸದ್ದು ಮೊಣಕಾಲಿನ ಮೇಲೆ ಕೇಳಿದರೆ ಕಪ್ಲಿಂಗ್. ಹಳ್ಳ ಹಾರಿದಾಗ ಮಾತ್ರ ಕೆಳಗಿನಿಂದ ಬಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡು, ಬುಷ್ಷು ನೋಡಿಸಿ. ಡ್ಯಾಶ್‌ನಲ್ಲಿ ಸ್ಟೀರಿಂಗಿನ ಲೈಟ್ ಹತ್ತಿದ್ದರೆ ಅದು ಬೇರೆ ಕಾಯಿಲೆ, ಸ್ಕ್ಯಾನ್ ಮಾಡಿಸಬೇಕು. ಒಂದು ಮಾತು: ವಿಡಿಯೋ ನೋಡಿಕೊಂಡು ಇದನ್ನು ಮನೆಯಲ್ಲಿ ಬಿಚ್ಚಬೇಡಿ. ಏರ್‌ಬ್ಯಾಗ್ ಇರುವ ಕಾರಾದರೆ ಖಂಡಿತ ಬೇಡ.

ಪ್ರಶ್ನೆ: 2009ರ ಸ್ಯಾಂಟ್ರೋ ಇದೆ. 15 ವರ್ಷ ಆಯ್ತು, ಗುಜರಿಗೆ ಹಾಕಲೇಬೇಕು ಅಂತ ವಾಟ್ಸಾಪಿನಲ್ಲಿ ಬಂದಿದೆ. ಈಗಿನ ಇ20 (ಶೇ. 20 ಎಥೆನಾಲ್ ಬೆರೆಸಿದ) ಪೆಟ್ರೋಲ್ ಬೇರೆ ಹಾಕಬಾರದಂತೆ?

ಉತ್ತರ: ಗುಜರಿ ಮಾತು ದೆಹಲಿ ಸುತ್ತಮುತ್ತಲಿನ ನಿಯಮದಿಂದ ಹುಟ್ಟಿದ್ದು. ನಮ್ಮಲ್ಲಿ ಆರ್‌ಟಿಒಗೆ ಗಾಡಿ ತೋರಿಸಿ, ಫಿಟ್‌ನೆಸ್ ಪಾಸಾಗಿ, ಗ್ರೀನ್ ಟ್ಯಾಕ್ಸ್ ಕಟ್ಟಿದರೆ ಆರ್‌ಸಿ ಐದು ವರ್ಷಕ್ಕೆ ನವೀಕರಣ ಆಗುತ್ತದೆ. ಈಗಾಗಲೇ ಅವಧಿ ಮುಗಿದಿದ್ದರೆ ರಸ್ತೆಗೆ ಇಳಿಸಬೇಡಿ, ಮೊದಲು ಅಲ್ಲಿಗೆ ಹೋಗಿ. ಪೆಟ್ರೋಲ್ ವಿಷಯ ಪೂರ್ತಿ ಸುಳ್ಳಲ್ಲ. ನಿಮ್ಮ ಕಾರನ್ನು ಇ20ಗೆ ಅಂತ ಮಾಡಿದ್ದಲ್ಲ. ಆದರೆ ಬಂಕಿನಲ್ಲಿ ಸಿಗುವುದೇ ಅದು, ಏನು ಮಾಡುತ್ತೀರಿ? ಮೈಲೇಜ್ ಸ್ವಲ್ಪ ಇಳಿಯುತ್ತದೆ. ಹಳೇ ಪೆಟ್ರೋಲ್ ಹೋಸ್‌ಗಳನ್ನು ಬದಲಿಸಿ, ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿಟ್ಟು ಕಾರು ನಿಲ್ಲಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ ಆ ದಿನವೇ ನೋಡಿಸಿ.

ಪ್ರಶ್ನೆ: ಟ್ಯಾಂಕಿಗೆ ಸುರಿಯುವ ಬಾಟಲಿ ಹಾಕಿದರೆ ಎಂಜಿನ್ ಹೊಸದರಂತೆ ಆಗುತ್ತಾ?

ಉತ್ತರ: ಬಾಟಲಿ ಮಾರುವವನ ಮನೆ ಹೊಸದಾಗುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಐ10 ಲೀಟರಿಗೆ ಹನ್ನೊಂದೇ ಕಿ.ಮೀ. ಕೊಡುತ್ತಿದೆ. ಎಂಜಿನ್ ಕೆಲಸ ಬಂತಾ?

ಉತ್ತರ: ಸಿಲ್ಕ್ ಬೋರ್ಡ್‌ನಲ್ಲಿ ಎಸಿ ಹಾಕಿಕೊಂಡು ನಿಂತರೆ ಯಾವ ಕಾರೂ ಅಷ್ಟೇ. ಟಯರ್ ಗಾಳಿ ನೋಡಿ, ಹೈವೇಯಲ್ಲಿ ಒಮ್ಮೆ ಫುಲ್ ಟ್ಯಾಂಕ್ ಲೆಕ್ಕ ಹಾಕಿ, ಆಮೇಲೆ ಬರೆಯಿರಿ.

ಪ್ರಶ್ನೆ: ಹ್ಯುಂಡೈ ಬೇಡ ಅಂದರೆ ಒಂದು ಡೇವೂ ಮ್ಯಾಟಿಜ್ ಅಗ್ಗಕ್ಕೆ ಸಿಗುತ್ತಿದೆ. ಅದೂ ಕೊರಿಯಾದ್ದೇ ಅಲ್ವಾ?

ಉತ್ತರ: ಹೌದು, ಮುದ್ದಾದ ಕಾರು. ಕಂಪನಿ ಇಲ್ಲಿ ಬಾಗಿಲು ಹಾಕಿ ಇಪ್ಪತ್ತು ವರ್ಷದ ಮೇಲಾಯಿತು. ಒಂದು ಹೆಡ್‌ಲೈಟಿಗಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತುವ ತಾಳ್ಮೆ ಇದ್ದರೆ ತೆಗೆದುಕೊಳ್ಳಿ.

ಪ್ರಶ್ನೆ: 2019ರ ಸ್ಯಾಂಟ್ರೋ ಎಎಂಟಿ (ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವುದು). ಮಡಿಕೇರಿಯ ಏರಿನಲ್ಲಿ ನಿಲ್ಲಿಸಿ ಹೊರಟರೆ ಹಿಂದಕ್ಕೆ ಜಾರುತ್ತದೆ. ಗೇರ್ ಬಾಕ್ಸ್ ಹಾಳಾಗಿದೆಯಾ?

ಉತ್ತರ: ಎಡಗೈ ಪಕ್ಕ ಒಂದು ಹ್ಯಾಂಡ್‌ಬ್ರೇಕ್ ಇದೆ.